ರಾಮಲಿಂಗಯ್ಯನ ಮೂಗ ಹಕ್ಕಿ

ಬಣ್ಣದ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರೆ ಕೂಟಗಲ್ಲಿನ ರಾಮಲಿಂಗಯ್ಯನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಉರಿಯದೆ ಇನ್ನೇನು? ಮೂವತ್ತೊಂದು ವರ್ಷ ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ ಲೇತಿನ ಮುಂದೆ ಕೂತು, ಗಿರಗಿರನೆ ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಕೆಂಪು, ಹಳದಿ, ಹಸಿರು ಹತ್ತಿಸಿದ ಕೈ ಅದು. ತಾಳೆಗರಿ ಹಿಡಿದು ಹೊಳಪು ಕೊಟ್ಟನೆಂದರೆ ಮುಖ ಕಾಣಬೇಕು. ಊರಿನಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸುವವರು, ಮದುವೆಗೆ ಸೀರೆ ತರುವವರು ಅವನನ್ನು ಒಂದು ಮಾತು ಕೇಳುತ್ತಿದ್ದರು. ಕೇಳದವರಿಗೂ ಅವನೇ ಹೋಗಿ ಹೇಳಿಬರುತ್ತಿದ್ದ.

ಮನುಷ್ಯ ಕೆಟ್ಟವನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿಯ ಮೇಲೆ ಒಂದು ದಿನ ಕೈ ಎತ್ತಿದವನಲ್ಲ. ಇದ್ದದ್ದು ಒಂದೇ ರೋಗ. ತಾನು ಕಂಡದ್ದು ಮಾತ್ರ ಕಂಡದ್ದು, ಮಿಕ್ಕವರು ಕಂಡದ್ದೆಲ್ಲ ಭ್ರಮೆ. ಊರಿನವರ ವಿಷಯದಲ್ಲಿ ಈ ರೋಗ ಅಷ್ಟೇನೂ ಹಾನಿ ಮಾಡಲಿಲ್ಲ. ಮನೆಯೊಳಗೆ ಮಾಡಿತು. ಅದೂ ಒಂದು ಹಕ್ಕಿಯ ದೆಸೆಯಿಂದ.

ಅವನ ಮನೆ ಊರಾಚೆ, ಬೆಟ್ಟದ ಬುಡಕ್ಕೆ ಹತ್ತಿಕೊಂಡಿದೆ. ಹಿತ್ತಲಲ್ಲಿ ಐದು ಹೊಂಗೆ ಮರ, ಒಂದು ಹುಣಸೆ. ಗುಡಿಸುವವರಿಲ್ಲದೆ ಎಲೆ ಬಿದ್ದು ಬಿದ್ದು, ಕಾಲಿಟ್ಟರೆ ಮೀನಖಂಡದವರೆಗೂ ಹೂತುಹೋಗುವಷ್ಟು ಗುಡ್ಡೆಯಾಗಿತ್ತು. ವರ್ಷಾ ವರ್ಷಾ ಆಯುಧಪೂಜೆಯ ಆಸುಪಾಸಿನಲ್ಲಿ ಆ ಎಲೆಯ ರಾಶಿಗೆ ಒಂದು ಹಕ್ಕಿ ಬರುತ್ತಿತ್ತು. ಮೈನಾ ಗಾತ್ರ, ಅದಕ್ಕಿಂತ ತುಸು ಗುಂಡಗೆ. ಬೆನ್ನು ಎಲೆಹಸಿರು, ಹೊಟ್ಟೆ ಹುರಿದ ರವೆಯ ಬಣ್ಣ, ಭುಜದ ಮೇಲೆ ಹೊಳೆಯುವ ನೀಲಿ, ಕತ್ತು ಬೆಳ್ಳಗೆ, ಕಣ್ಣಿನ ಮೇಲೆ ಹಾದು ಹಿಂದಕ್ಕೆ ಹೋದ ಕಪ್ಪು ಪಟ್ಟೆ. ಬಾಲದ ಬುಡದಲ್ಲಿ ಒಂದು ಹಿಡಿ ಕುಂಕುಮ ಮೆತ್ತಿದ ಹಾಗೆ ಕೆಂಪು. ಬಾಲ ಮಾತ್ರ ಮೋಟು, ಇದೆಯೋ ಇಲ್ಲವೋ ಅನ್ನುವಷ್ಟು. ಗುಬ್ಬಿಯ ಹಾಗೆ ಕುಪ್ಪಳಿಸುತ್ತ, ಕೊಕ್ಕಿನಿಂದ ಒಂದೊಂದೇ ಎಲೆ ಮಗುಚಿ, ಅಡಿಯಲ್ಲಿದ್ದ ಹುಳ ಹೆಕ್ಕುತ್ತಿತ್ತು. ನಿಂತಾಗಲೆಲ್ಲ ಆ ಮೋಟು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹಿತ್ತಲ ಜಗುಲಿಯಲ್ಲಿ ಕೂತು ರಾಮಲಿಂಗಯ್ಯ ಅದನ್ನು ಎಷ್ಟೋ ಸಲ ನೋಡಿದ್ದ. ಆ ಬಣ್ಣಗಳಿಗೆ ಮರುಳಾಗಿದ್ದ ಕೂಡ. ಆದರೆ ಮಧ್ಯಾಹ್ನದ ಹೊತ್ತು ಅದು ಬಾಯಿ ಬಿಡುವುದಿಲ್ಲ. ಹಾಗಾಗಿ ಅದಕ್ಕೆ ಮೂಗ ಎಂದು ಹೆಸರಿಟ್ಟ.

ಇನ್ನು ಆ ಸಿಳ್ಳೆ. ಅದೇ ದಿನಗಳಲ್ಲಿ ಬೆಳಗ್ಗೆ ಆರರ ಸುಮಾರಿಗೆ, ಸಂಜೆ ಆರರ ಸುಮಾರಿಗೆ, ಹಿತ್ತಲ ಕಡೆಯಿಂದ ಎರಡು ಸ್ವರದ ಒಂದು ಸಿಳ್ಳೆ ಕೇಳುತ್ತಿತ್ತು. ಮೊದಲ ಸ್ವರ ಮೇಲಕ್ಕೇರಿ, ಎರಡನೆಯದು ತಟ್ಟನೆ ಕೆಳಗಿಳಿದು, ವೀಟ್... ಟ್ಯೂ. ಬೆಳಗಿನ ಆರಕ್ಕೆ ರಾಮಲಿಂಗಯ್ಯ ಗೊರಕೆಯಲ್ಲಿರುತ್ತಿದ್ದ. ಸಂಜೆಯ ಆರಕ್ಕೆ ಚನ್ನಪಟ್ಟಣದಲ್ಲಿ ಲೇತಿನ ಸದ್ದಿನಲ್ಲಿರುತ್ತಿದ್ದ. ರಜಾ ದಿನ ದೂರದಿಂದ ಕಿವಿಗೆ ಬಿದ್ದದ್ದಷ್ಟೆ ಅವನ ಪಾಲಿಗೆ ಸಿಕ್ಕಿದ್ದು.

ಅವನ ಹೆಂಡತಿ ಸಿದ್ದಮ್ಮನಿಗೆ ಹಾಗಲ್ಲ. ಅವಳು ಐದಕ್ಕೇ ಏಳುವವಳು. ಒಂದು ದಿನ ಬೆಳಗ್ಗೆ ಕೊಟ್ಟಿಗೆಯ ಮುಂದೆ ಸಗಣಿ ಬಾಚುತ್ತಿದ್ದಾಗ ಹಕ್ಕಿ ಎದುರಿಗೇ ಬಂದು ಕೂತಿತಂತೆ. ಅದನ್ನು ಹೇಳಲು ಗಂಡ ಏಳುವವರೆಗೂ ಕಾದು ಕೂತಿದ್ದಳು.

"ನೋಡಿ, ಸಿಳ್ಳೆ ಹಾಕೋದೂ ಅದೇಯ. ತಗ್ಗು ಕೊಂಬೆ ಮ್ಯಾಲೆ ಕುಂತು, ಕತ್ತು ಹಿಂದಕ್ಕೆ ಎತ್ತಿ, ಎದೆ ಉಬ್ಬಿಸ್ಕೊಂಡು ಹಾಕ್ತು. ಕಣ್ಣಾರೆ ಕಂಡೆ."

"ಏ, ಸುಮ್ಕಿರೇ. ಬಣ್ಣ ಇರೋ ಹಕ್ಕಿಗೆಲ್ಲ ಗಂಟ್ಲು ಕೆಟ್ಟೋಗಿರ್ತದೆ. ನವಿಲು ಕೂಗೋದು ಕೇಳಿದ್ದೀಯಾ? ಗಿಳಿ? ಮೀಂಚುಳ್ಳಿ? ಕೋಗಿಲೆ ಯಾವ ಬಣ್ಣ, ಹೇಳು ನೋಡಾನ."

"ಕಪ್ಪು."

"ಆಂ! ತಿಳ್ಕೋ. ಸಿಳ್ಳೆ ಹಾಕೋದು ಮರದ ತುದೀಲಿರೋ ಇನ್ಯಾವುದೋ ಮಾಸ್ಲು ಹಕ್ಕಿ. ನಮ್ದು ಮೂಗ. ಬಣ್ಣದ್ ವಿಸ್ಯ ನಂಗೇಳ್ಬೇಡ."

ಮಾತೇನೋ ಕೇಳಲು ಬಲು ಚೆನ್ನಾಗಿತ್ತು. ಸುಳ್ಳು ಅನ್ನುವುದೊಂದೇ ಅದರ ಕೊರತೆ. ಸಿದ್ದಮ್ಮ ಬಿಡಲಿಲ್ಲ. ಆ ವರ್ಷ ಹೇಳಿದಳು, ಮುಂದಿನ ವರ್ಷ ಹೇಳಿದಳು, ಪ್ರತಿ ಆಯುಧಪೂಜೆಗೂ ಹೇಳಿದಳು. ಅವನು ಪ್ರತಿ ಸಲವೂ ನಗುತ್ತಿದ್ದ. ನೆಂಟರು ಬಂದಾಗ ಅವರ ಮುಂದೆಯೂ ಹೇಳಿಕೊಂಡು ನಗುತ್ತಿದ್ದ. "ನಮ್ಮೋಳ್ಗೆ ಮೂಗ ಮಾತಾಡ್ತದಂತೆ ಕಣ್ರಪ್ಪಾ" ಎಂದರೆ ಎಲ್ಲರೂ ಗೊಳ್ಳೆನ್ನುತ್ತಿದ್ದರು. ಸಿದ್ದಮ್ಮ ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು.

ಹೀಗೆ ಎಂಟೊಂಬತ್ತು ವರ್ಷ ಕಳೆಯಿತು. ಆಮೇಲೆ ಸಿದ್ದಮ್ಮನಿಗೆ ಶುಗರ್ ಬಂತು. ರಾಮನಗರದ ಆಸ್ಪತ್ರೆ, ಅಲ್ಲಿಂದ ಬೆಂಗಳೂರಿನ ಕಣ್ಣಿನ ಆಸ್ಪತ್ರೆ, ಲೇಸರು, ಇಂಜೆಕ್ಷನ್ನು ಎಲ್ಲ ಆಯಿತು. ಮೊದಲು ಎಡಗಣ್ಣು ಮಂಜಾಯಿತು, ಎರಡು ವರ್ಷದ ಮೇಲೆ ಬಲಗಣ್ಣೂ ಹೋಯಿತು. ರಾಮಲಿಂಗಯ್ಯ ಅವಳನ್ನು ಚೆನ್ನಾಗಿಯೇ ನೋಡಿಕೊಂಡ. ಒಲೆಯಿಂದ ಬಚ್ಚಲಿಗೆ, ಬಚ್ಚಲಿಂದ ಜಗುಲಿಗೆ ಹಗ್ಗ ಕಟ್ಟಿದ. ಇನ್ಸುಲಿನ್ ಚುಚ್ಚುವುದನ್ನು ಕಲಿತ. ಇದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾದೀತು.

ಕಣ್ಣು ಹೋದವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಹೊತ್ತು ತಿಳಿಯದೆ ಹೋದದ್ದು. ಬಿಸಿಲಿದ್ದರೆ ಮೈಗೆ ಗೊತ್ತಾಗುತ್ತದೆ, ಮೋಡವಾದರೆ ಅದೂ ಇಲ್ಲ. ಬೇಸಿಗೆ, ಮಳೆಗಾಲ ಹೇಗೋ ತಳ್ಳುವಳು. ಹಕ್ಕಿ ಬಂದ ಮೇಲೆ ನೋಡಬೇಕಿತ್ತು ಸಿದ್ದಮ್ಮನನ್ನು! ಬೆಳಗಿನ ಸಿಳ್ಳೆಗೆ ಎದ್ದು ಹಗ್ಗ ಹಿಡಿದು ಹೋಗಿ ಹಿತ್ತಲ ಮೆಟ್ಟಿಲ ಮೇಲೆ ಕೂರುವಳು. ಎಲೆ ಸರಕ್ ಸರಕ್ ಅನ್ನುವುದನ್ನು ಕೇಳುತ್ತ, ಈಗ ಹುಣಸೆಯ ಬುಡದಲ್ಲಿದೆ, ಈಗ ಮೂರನೆಯ ಹೊಂಗೆಯ ಹತ್ತಿರ ಇದೆ ಎಂದು ಲೆಕ್ಕ ಹಾಕುವಳು. ಸಂಜೆಯ ಸಿಳ್ಳೆಗೆ ಎದ್ದು ಕೈಕಾಲು ತೊಳೆದು ದೀಪ ಹಚ್ಚುವಳು. ಅಕ್ಟೋಬರಿಂದ ಏಪ್ರಿಲ್‌ವರೆಗೆ ಅವಳಿಗೂ ಎಲ್ಲರಂತೆ ಬೆಳಗು, ಬೈಗು ಎರಡೂ ಇದ್ದವು.

ಮೂರು ವರ್ಷದ ಹಿಂದೆ ಕಾರ್ಖಾನೆಯ ಯಜಮಾನರು ಲೇತನ್ನು ಮನೆಗೇ ಕೊಡುತ್ತೇವೆ, ಮಾಲು ಮಾಡಿ ಶನಿವಾರ ಶನಿವಾರ ತಂದುಕೊಡಿ ಅಂದರು. ಹೆಂಡತಿಯನ್ನು ಒಂಟಿ ಬಿಟ್ಟು ಹೋಗುವ ತಾಪತ್ರಯ ತಪ್ಪಿತಲ್ಲ ಎಂದು ರಾಮಲಿಂಗಯ್ಯ ಹಿಗ್ಗಿಹೋದ. ಲೇತಿಗೆ ಸಮತಟ್ಟಾದ ನೆಲ ಬೇಕು, ಮರದ ತುಂಡು ಒಣಹಾಕಲು ಅಂಗಳ ಬೇಕು. ಹಿತ್ತಲಿಗೆ ಕಾಂಕ್ರೀಟ್ ಹಾಕಿಸುವುದೆಂದು ತೀರ್ಮಾನವಾಯಿತು. ತೀರ್ಮಾನ ಎಂದರೆ ಅವನದೇ.

ಎಲೆ ಬಾಚುವ ಸದ್ದು ಕೇಳಿ ಸಿದ್ದಮ್ಮ ಹಗ್ಗ ಹಿಡಿದು ಓಡಿಬಂದಳು.

"ಏನ್ ಮಾಡ್ತಿದ್ದೀರಿ? ಎಲೆ ತೆಗೀಬ್ಯಾಡಿ. ಅದ್ರ ಅನ್ನ ಇರೋದೇ ಅದ್ರೊಳ್ಗೆ."

"ಯಾರ್ದು?"

"ಹಕ್ಕೀದು. ಸಿಳ್ಳೆ ಹಕ್ಕೀದು."

"ಅಯ್ಯೋ, ನಿನ್ನ! ಮೂಗ ಹೋದ್ರೆ ಹೋಗ್ಲಿ ಬುಡು. ನಿನ್ ಸಿಳ್ಳೆ ಹಕ್ಕಿ ಮರದ್ ಮ್ಯಾಲ್ ತಾನೆ ಇರೋದು? ಒಂದ್ ಮರ ಮುಟ್ಟಿದ್ದೀನಾ ನೋಡು. ಒಂದ್ ಕೊಂಬೇನಾದ್ರೂ ಕಡ್ದಿದ್ದೀನಾ?"

"ಎರ್ಡೂ ಒಂದೇಯ ಅಂತ ಎಷ್ಟ್ ಸಲ ಹೇಳ್ಬೇಕು ನಿಮ್ಗೆ? ಕೈ ಮುಗೀತೀನಿ."

ಅವಳು ನಿಜವಾಗಿಯೂ ಕೈ ಮುಗಿದಳು. ಅವನು ನಿಂತ ಕಡೆಗಲ್ಲ, ಹುಣಸೆ ಮರದ ಕಡೆಗೆ. ರಾಮಲಿಂಗಯ್ಯ ಒಂದು ಕ್ಷಣ ಬಾಚುವುದನ್ನು ನಿಲ್ಲಿಸಿದ. ಆದರೂ ಕಣ್ಣಿಲ್ಲದವಳಿಗೆ ಕಣ್ಣಿರುವ ನನಗಿಂತ ಹೆಚ್ಚೇನು ಗೊತ್ತು ಎಂದುಕೊಂಡ. ಅವಳ ಕಣ್ಣು ಚೆನ್ನಾಗಿದ್ದಾಗಲೂ ಅವನು ಹಾಗೆಯೇ ಅಂದುಕೊಂಡಿದ್ದ ಅನ್ನುವುದು ಆಗ ನೆನಪಾಗಲಿಲ್ಲ. ಎಲೆಯನ್ನೆಲ್ಲ ಒಟ್ಟಿ ಬೆಂಕಿ ಹಾಕಿದ. ಎರಡು ದಿನ ಹೊಗೆ ಆಡಿತು. ಮೂರನೆಯ ದಿನ ಮಿಕ್ಸರ್ ಬಂತು. ಮರಗಳ ಬುಡಕ್ಕೆ ಒಂದೊಂದು ಅಡಿ ಜಾಗ ಬಿಟ್ಟು ಉಳಿದದ್ದೆಲ್ಲ ಸಿಮೆಂಟಾಯಿತು.

ಆಯುಧಪೂಜೆ ಬಂತು. ಲೇತಿಗೆ ಕುಂಬಳಕಾಯಿ ಒಡೆದು ಪೂಜೆ ಮಾಡಿದರು. ಸಿಳ್ಳೆ ಕೇಳಲಿಲ್ಲ. ದೀಪಾವಳಿಯೂ ಆಯಿತು. ಸಿದ್ದಮ್ಮ ದಿನಾ ಮೆಟ್ಟಿಲ ಮೇಲೆ ಕೂತು ಎದ್ದು ಬರುತ್ತಿದ್ದಳು. ರಾಮಲಿಂಗಯ್ಯ, ಈ ವರ್ಷ ಮಳೆ ಹೆಚ್ಚಾಯಿತು ಅಂದ. ಮರುವರ್ಷವೂ ಹಕ್ಕಿ ಬರಲಿಲ್ಲ. ಆ ಕಡೆ ಬಂಡೆ ಸಿಡಿಸುತ್ತಿದ್ದಾರೆ, ಸದ್ದಿಗೆ ಹೆದರಿರಬೇಕು ಅಂದ. ಕಾರಣಗಳಿಗೆ ಅವನಲ್ಲಿ ಯಾವತ್ತೂ ಬರವಿರಲಿಲ್ಲ.

ಚನ್ನಪಟ್ಟಣದಿಂದ ಒಂದು ಮಾತಾಡುವ ಗಡಿಯಾರ ತಂದುಕೊಟ್ಟ. ಗುಂಡಿ ಒತ್ತಿದರೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಗಂಟೆ ಹೇಳುತ್ತಿದ್ದಳು. ಸಿದ್ದಮ್ಮ ಎರಡು ದಿನ ಒತ್ತಿ ನೋಡಿ, ರಾಗಿ ಡಬ್ಬದೊಳಗೆ ಹಾಕಿಟ್ಟಳು.

"ಯಾಕೇ? ಕೆಟ್ಟೋಯ್ತಾ?"

"ಇಲ್ಲ. ಅದು ನಾನ್ ಕೇಳಿದ್ರೆ ಹೇಳ್ತದೆ. ಹಕ್ಕಿ ತಾನಾಗೇ ಕರೀತಿತ್ತು."

ಅವಳು ಬರಬರುತ್ತ ಮೆಟ್ಟಿಲಿಗೆ ಹೋಗುವುದನ್ನೇ ಬಿಟ್ಟಳು. ಎದ್ದರೂ ಹಾಸಿಗೆಯ ಮೇಲೆಯೇ ಕೂತಿರುವಳು. ಊಟ ಕೊಟ್ಟರೆ ಇದು ಮಧ್ಯಾಹ್ನದ್ದೋ ರಾತ್ರಿಯದ್ದೋ ಎಂದು ಕೇಳುವಳು. ರಾಮಲಿಂಗಯ್ಯ ತಟ್ಟೆಯನ್ನು ಅವಳ ಕೈಗಿಟ್ಟು ಹೊತ್ತು ಹೇಳುತ್ತಿದ್ದ. ಆದರೂ ಅವಳ ಈ ಸ್ಥಿತಿಗೂ ಸಿಮೆಂಟಿಗೂ ಸಂಬಂಧವಿದೆ ಎಂದು ಅವನ ತಲೆಗೆ ಹೊಳೆದಿರಲಿಲ್ಲ.

ಹೊಳೆದದ್ದು ಕಳೆದ ವರ್ಷ ಆಷಾಢದ ಒಂದು ಶನಿವಾರ. ಮಾಲು ಕೊಡಲು ಕಾರ್ಖಾನೆಗೆ ಹೋಗಿದ್ದ. ಮಾಗಡಿಯ ಒಂದು ಶಾಲೆಯಲ್ಲಿ ಪಾಠ ಹೇಳುವ ರಕ್ಷಿತಾ ಅನ್ನುವ ಹುಡುಗಿ ಬಂದು ಕೂತಿದ್ದಳು. ಮಕ್ಕಳಿಗೆ ನಮ್ಮ ಸೀಮೆಯ ಹಕ್ಕಿಗಳ ಗುರುತು ಸಿಗಲಿ ಎಂದು ಹನ್ನೆರಡು ಹಕ್ಕಿಗಳ ಗೊಂಬೆ ಬೇಕಂತೆ. ಫೋಟೋಗಳ ಹಾಳೆ ತಂದಿದ್ದಳು. ಇಪ್ಪತ್ತು ವರ್ಷದಿಂದ ಅಲ್ಲಿ ಕುಂಚದ ಕೆಲಸ ಮಾಡುವ ಮಜೀದಾ ಒಂದೊಂದೇ ನೋಡುತ್ತಿದ್ದಳು. ಏಳನೆಯ ಫೋಟೋ ಕಂಡು ರಾಮಲಿಂಗಯ್ಯ ಹಾರಿಬಿದ್ದ.

"ಇದು ನಮ್ಮನೆ ಮೂಗ!"

"ಇದಕ್ಕೆ ನವರಂಗ ಅಂತಾರೆ, ಅಂಕಲ್" ಅಂದಳು ರಕ್ಷಿತಾ.

"ಲೇತಲ್ ಬರಾಕಿಲ್ಲ ಇದು. ಲೇತು ಬಣ್ಣ ಸುತ್ತಲೂ ಹತ್ತುಸ್ತದೆ. ಇದ್ರ ಬೆನ್ನೇ ಬೇರೆ, ಹೊಟ್ಟೇನೇ ಬೇರೆ. ಮಜೀದಮ್ಮ ಕುಂಚದಲ್ಲಿ ಹಾಕ್ಬೇಕು. ಪಾಪ, ಇಷ್ಟ್ ಚಂದ ಐತೆ, ಮಾತಿಲ್ಲ ಕತೆಯಿಲ್ಲ."

"ಮಾತಿಲ್ಲ ಅಂದವ್ರು ಯಾರು? ಕೇಳಿ" ಎಂದು ರಕ್ಷಿತಾ ಫೋನನ್ನು ಮುಂದೆ ಹಿಡಿದಳು.

ಫೋನಿನೊಳಗೆ ಆ ಹಕ್ಕಿ ತಗ್ಗಿನ ಕೊಂಬೆಯ ಮೇಲೆ ಕೂತಿತ್ತು. ಕತ್ತನ್ನು ಹಿಂದಕ್ಕೆಳೆದು ಎದೆ ಉಬ್ಬಿಸಿತು. ವೀಟ್... ಟ್ಯೂ. ರಾಮಲಿಂಗಯ್ಯ ಇನ್ನೊಂದು ಸಲ ಹಾಕು ಅಂದ. ಮತ್ತೊಂದು ಸಲ ಹಾಕಿಸಿದ. ಮುಖ ಬಿಳುಚಿಕೊಂಡಿತ್ತು.

"ಇದು ಮರದ ತುದೀಲಿರಾಕಿಲ್ವಾ?"

"ಇಲ್ಲ ಅಂಕಲ್. ಹೊಟ್ಟೆಪಾಡೆಲ್ಲ ನೆಲದ ಮೇಲೇ. ಎಲ್ಲೋ ಉತ್ತರದಿಂದ ಹಾರ್ಕೊಂಡು ಬರ್ತದೆ, ಪ್ರತಿ ವರ್ಷ ಅದೇ ಜಾಗಕ್ಕೆ."

"ಕೆಳಗಿನ ಎಲೆ ತೆಗ್ದುಬುಟ್ರೆ?"

"ಎಲೆ ಇಲ್ಲದ ಕಡೆ ಅದಕ್ಕೇನು ಕೆಲಸ? ಬಂದ್ರೂ ಹೊರಟೋಗ್ತದೆ."

"ಅಣ್ಣಾ, ಏನಾಯ್ತು? ನೀರು ಕೊಡ್ಲಾ?" ಅಂದಳು ಮಜೀದಾ. ರಾಮಲಿಂಗಯ್ಯ ಬೇಡ ಅಂದು ಹೊರಗೆ ಹೋಗಿ ಟಿವಿಎಸ್ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಹೆಂಡತಿ ಕೈ ಮುಗಿದದ್ದು ಕಣ್ಣಮುಂದೆ ಬಂತು. ಥೂ, ನಾನೆಂಥ ಮುಠ್ಠಾಳ ಎಂದು ಬಾಯಿಬಿಟ್ಟೇ ಅಂದುಕೊಂಡ. ಅತ್ತ ದಾರಿಹೋಕರು ತಿರುಗಿ ನೋಡಿದರು.

ಮನೆಗೆ ಹೋದವನು ಅವತ್ತೇ ಹೇಳಿಬಿಡಬಹುದಿತ್ತು. ನೀನು ಹೇಳಿದ್ದು ಸರಿ, ನಾನು ತಪ್ಪು. ಐದಾರು ಮಾತು. ದಾರಿಯುದ್ದಕ್ಕೂ ಅದನ್ನೇ ಜೋಡಿಸಿಕೊಂಡು ಬಂದ. ಹೊಸ್ತಿಲು ದಾಟಿದ್ದೇ ನಾಲಿಗೆ ಬಿದ್ದುಹೋಯಿತು. ಹಕ್ಕಿಯನ್ನು ಮತ್ತೆ ಬರಿಸಿ ಆಮೇಲೆ ಹೇಳೋಣ ಎಂದುಕೊಂಡ. ಬರಿಗೈಯಲ್ಲಿ ತಪ್ಪೊಪ್ಪಿಕೊಳ್ಳಲು ಅವನಿಗೆ ಬರುತ್ತಿರಲಿಲ್ಲ.

ಮಾರನೆಯ ದಿನವೇ ಸುತ್ತಿಗೆ ಹಿಡಿದು ಸಿಮೆಂಟು ಒಡೆಯತೊಡಗಿದ. ಏನದು ಸದ್ದು ಎಂದು ಸಿದ್ದಮ್ಮ ಕೇಳಿದರೆ, ನೀರು ನಿಲ್ಲುತ್ತದೆ ಕಣೇ, ಇಳಿಜಾರು ಸರಿ ಮಾಡುತ್ತಿದ್ದೇನೆ ಅಂದ. ಐವತ್ತೆಂಟರ ವಯಸ್ಸಿನಲ್ಲಿ ಅಂಗೈ ಬೊಬ್ಬೆ ಎದ್ದು, ಲೇತು ಬಾಗಿಲ ಬಳಿಯ ಮೂಲೆಗೆ ಸರಿದು, ಅರ್ಧ ಹಿತ್ತಲು ಮಣ್ಣು ಕಂಡಿತು. ಬೆಟ್ಟದ ಬುಡದಿಂದ ಒಣಗಿದೆಲೆಯನ್ನು ಚೀಲ ಚೀಲ ತುಂಬಿ ತಂದು ಸುರಿದ. ಸಗಣಿ ನೀರು ಚಿಮುಕಿಸಿದ. ಆಯುಧಪೂಜೆ ಬಂತು, ಹೋಯಿತು. ಹೊಸ ಎಲೆಯಡಿ ಹುಳ ಇನ್ನೂ ಕೂಡಿರಲಿಲ್ಲವೋ, ಎರಡು ವರ್ಷದಲ್ಲಿ ಆ ಹಕ್ಕಿ ಇನ್ನೊಂದು ಜಾಗ ಹಿಡಿದುಕೊಂಡಿತೋ, ಸತ್ತೇ ಹೋಗಿತ್ತೋ, ಯಾರಿಗೆ ಗೊತ್ತು? ಅಂತೂ ಬರಲಿಲ್ಲ.

ಆಗ ಅವನು ಗೊಂಬೆ ಮಾಡುವವನು ಮಾತ್ರ ಮಾಡಬಹುದಾದ ತಪ್ಪು ಮಾಡಿದ. ಪೀಪಿ, ಬುಗುರಿ, ಗಿಲಕಿ ಮಾಡಿದ ಕೈಯಲ್ಲವೇ! ಹಾಲೆಮರದ ತುಂಡೊಂದನ್ನು ಲೇತಿಗೇರಿಸಿ ಪೀಪಿ ಕಡೆಯಲು ಕೂತ. ರಕ್ಷಿತಾ ಕಳಿಸಿದ ಧ್ವನಿಯನ್ನು ಕಿವಿಗಿಟ್ಟುಕೊಂಡು ತೂತು ಹಿಗ್ಗಿಸಿದ, ಕುಗ್ಗಿಸಿದ. ಹದಿನೇಳು ಪೀಪಿ ಕೆಟ್ಟವು. ಹದಿನೆಂಟನೆಯದಕ್ಕೆ ಸಿಕ್ಕಿತು, ಮೊದಲು ಮೇಲೇರಿ ಆಮೇಲೆ ತಟ್ಟನೆ ಇಳಿಯುವ ಆ ಸಿಳ್ಳೆ. ಮಜೀದಾಗೆ ಊದಿ ತೋರಿಸಿದಾಗ ಅವಳು, "ಅರೆ ಅಣ್ಣಾ, ಹಕ್ಕೀನೇ ಮೋಸ ಹೋಗ್ತದೆ" ಅಂದಳು.

ದೀಪಾವಳಿಯ ಮಾರನೆಯ ದಿನ ಬೆಳಗ್ಗೆ ಆರಕ್ಕೆ, ಜನ್ಮದಲ್ಲಿ ಆ ಹೊತ್ತಿಗೆ ಎದ್ದಿರದ ರಾಮಲಿಂಗಯ್ಯ ಹುಣಸೆ ಮರದ ಹಿಂದೆ ನಿಂತು ಊದಿದ. ಒಳಗೆ ಹಾಸಿಗೆ ಸರಿದ ಸದ್ದು. ಹಗ್ಗ ಹಿಡಿದು ಸಿದ್ದಮ್ಮ ಬಂದಳು. ಎಷ್ಟೋ ತಿಂಗಳ ಮೇಲೆ ಆ ಮೆಟ್ಟಿಲ ಮೇಲೆ ಕೂತಳು. ಅವನು ಇನ್ನೊಮ್ಮೆ ಊದಿದ. ಅವಳು ಮುಖವನ್ನು ಆ ಕಡೆಗೆ ತಿರುಗಿಸಿ ಕಿವಿಗೊಟ್ಟಳು. ಅವನು ಒಂದು ಕಡ್ಡಿ ಹಿಡಿದು ಎಲೆಯನ್ನು ಸರಕ್ ಸರಕ್ ಅನ್ನಿಸಿದ. ಅವಳ ತುಟಿಯಲ್ಲಿ ಸಣ್ಣ ನಗು ಬಂದದ್ದು ಕಂಡು ಅವನಿಗೆ ಅಳುವೇ ಬಂದುಬಿಟ್ಟಿತು.

"ಬಂತಂತಲ್ಲೇ ನಿನ್ ಹಕ್ಕಿ?" ಎಂದು ಕಾಫಿ ಕುಡಿಯುವಾಗ ಏನೂ ತಿಳಿಯದವನಂತೆ ಕೇಳಿದ.

"ಹೂಂ" ಅಂದಳು.

ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಮಂಕಿ ಟೋಪಿ ಹಾಕಿಕೊಂಡು ಊದಿದ. ನೆಂಟರ ಮದುವೆಗೆ ಕನಕಪುರಕ್ಕೆ ಹೋದವನು ಊಟಕ್ಕೂ ನಿಲ್ಲದೆ ಸಂಜೆ ಆರರೊಳಗೆ ಓಡಿಬಂದ. ಸಿದ್ದಮ್ಮ ಮತ್ತೆ ಎದ್ದು ಓಡಾಡತೊಡಗಿದಳು, ಸಂಜೆ ದೀಪ ಹಚ್ಚತೊಡಗಿದಳು. ಹೋದದ್ದನ್ನು ತಾನೇ ಕಡೆದು ಕೊಟ್ಟೆನೆಂದು ರಾಮಲಿಂಗಯ್ಯನಿಗೆ ಒಳಗೊಳಗೇ ಹೆಮ್ಮೆ. ಇನ್ನು ತಪ್ಪೊಪ್ಪಿಕೊಳ್ಳುವ ಅಗತ್ಯವೂ ಇಲ್ಲ ಅನ್ನಿಸಿತು. ಸಂಕ್ರಾಂತಿ, ಶಿವರಾತ್ರಿ, ಯುಗಾದಿ ಕಳೆದವು. ಮಾವಿನ ಹಣ್ಣು ಬಂತು. ಮೇ ತಿಂಗಳ ಕೊನೆಯಾಯಿತು. ಅವನು ಊದುತ್ತಲೇ ಇದ್ದ.

ಒಂದು ಬೆಳಗ್ಗೆ ಊದಿ ಮುಗಿಸಿ, ಬಾಯಿ ಒರೆಸಿಕೊಂಡು ಒಳಗೆ ಬಂದ. ಸಿದ್ದಮ್ಮ ಕಾಫಿ ಲೋಟ ಮುಂದಿಟ್ಟಳು.

"ಇನ್ ಸಾಕು. ನಾಳೆಯಿಂದ ಮಲಿಕ್ಕೊಳ್ಳಿ."

"ಏನು ಸಾಕು?"

"ಯುಗಾದಿ ಆಗಿ ಒಂದ್ ತಿಂಗ್ಳಿಗೆಲ್ಲ ಹೊರಟೋಗ್ತದೆ ಅದು. ಯಾವತ್ತೂ ಮೇ ತಿಂಗ್ಳು ಇದ್ದಿದ್ದಿಲ್ಲ. ಇದೂ ನಿಮ್ಗೆ ಗೊತ್ತಿಲ್ಲ."

ರಾಮಲಿಂಗಯ್ಯ ಲೋಟವನ್ನು ನೆಲಕ್ಕಿಟ್ಟ ರಭಸಕ್ಕೆ ಕಾಫಿ ಚೆಲ್ಲಿತು. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದ.

"ಮೊದಲ್ನೇ ದಿನದಿಂದ. ಹಕ್ಕಿ ಮಧ್ಯದಲ್ಲಿ ಉಸ್ರು ತಕ್ಕೊಳ್ಳಾಕಿಲ್ಲ. ಕೆಮ್ಮಾಕೂ ಇಲ್ಲ."

"ಗೊತ್ತಿದ್ದೂ ಸುಮ್ಕಿದ್ದೆಯಾ?"

"ಹೊತ್ತಾದ್ರೂ ತಿಳೀತಿತ್ತಲ್ಲ ಅಂತ ಸುಮ್ಕಿದ್ದೆ. ಹೇಳಿ ಏನಾಗ್ಬೇಕಿತ್ತು? ಹೇಳ್ದಾಗೆಲ್ಲ ಏನಾಯ್ತು?"

ಕಾರ್ಖಾನೆಯಿಂದ ಬರುವ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಆಗ, ಹತ್ತು ತಿಂಗಳ ಮೇಲೆ, ಅವನ ಬಾಯಿಂದ ಬಂತು. "ತಪ್ಪಾಯ್ತು ಕಣೇ ಸಿದ್ದಿ. ನೀನ್ ಹೇಳಿದ್ದೇ ದಿಟ. ಎರ್ಡೂ ಒಂದೇ ಹಕ್ಕಿ."

ಸಿದ್ದಮ್ಮ ಸೆರಗಿನಿಂದ ನೆಲದ ಮೇಲೆ ಚೆಲ್ಲಿದ ಕಾಫಿಯನ್ನು ತಡವಿ ತಡವಿ ಒರೆಸಿದಳು.

"ಅದ್ ನಂಗೆ ಮೊದ್ಲಿಂದ್ಲೂ ಗೊತ್ತಲ್ಲ, ನಂಗ್ಯಾಕೇಳ್ತೀರಿ? ಗೊತ್ತಾಗ್ಬೇಕಿದ್ದಿದ್ದು ನಿಮ್ಗೆ. ಅದೂ ಎಲೆಗೆ ಬೆಂಕಿ ಹಾಕೋಕ್ ಮುಂಚೆ."

ಕೋಪದಿಂದ ಹೇಳಿದ ಮಾತಲ್ಲ ಅದು. ಹೇಳಿ, ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿಕೊಟ್ಟಳು.